ಓದದ ಪುಸ್ತಕಕ್ಕೆ ಬರೆದ ನಾಲ್ಕು ಸಾಲು

ಫಾರ್ಮಿನಲ್ಲಿ ಆರು ಪ್ರಶ್ನೆಗಳಿದ್ದವು. ಇಷ್ಟವಾದ ಮೂರು ಪುಸ್ತಕ ಯಾವುವು, ಅರ್ಧಕ್ಕೇ ಬಿಟ್ಟದ್ದು ಯಾವುದು, ಎಲ್ಲಿ ಕೂತು ಓದುತ್ತೀರಿ, ಒಂದು ಸಲಕ್ಕೆ ಎಷ್ಟು ಹೊತ್ತು ಓದುತ್ತೀರಿ, ಏನೇನೂ ಗೊತ್ತಿರದ ಆದರೆ ತಿಳಿಯಬೇಕೆನಿಸುವ ವಿಷಯ ಯಾವುದು, ಕೊನೆಯದಾಗಿ ಏನು ಬೇಡ. ಊರಿನ ಯಾರು ಬೇಕಾದರೂ ಇದನ್ನು ತುಂಬಿ ಕಳಿಸಬಹುದಿತ್ತು. ಅದನ್ನು ಓದಿ ಅವರು ಹೆಸರೂ ಕೇಳಿರದ ಐದು ಪುಸ್ತಕಗಳನ್ನು ಹುಡುಕಿ ತೆಗೆದಿಡುವುದು ನನ್ನ ಕೆಲಸ. ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ ನನ್ನ ಮನೆ. ಅಲ್ಲಿಂದ ಟ್ರೇನಿನಲ್ಲಿ ಉತ್ತರಕ್ಕೆ ಹೋದರೆ ಕೊಲ್ಲಿಯ ಪೂರ್ವದಂಡೆಯ ಒಂದು ಊರಿನಲ್ಲಿ ನಾನು ಕೆಲಸ ಮಾಡುವ ಸಾರ್ವಜನಿಕ ಗ್ರಂಥಾಲಯ.

ಆರರಲ್ಲಿ ಮುಖ್ಯವಾದದ್ದು ಕೊನೆಯ ಪ್ರಶ್ನೆ. ಇಷ್ಟವಾದ ಪುಸ್ತಕಗಳ ಪಟ್ಟಿಯಲ್ಲಿ ಜನ ಸ್ವಲ್ಪ ತೋರಿಕೆಗೆ ಬರೆಯುತ್ತಾರೆ, ಬೇಡದ್ದನ್ನು ಬರೆಯುವಾಗ ನಿಜ ಹೇಳುತ್ತಾರೆ. ಒಬ್ಬರು ‘ಮಾತಾಡುವ ಪ್ರಾಣಿಗಳು ಬೇಡ’ ಎಂದಿದ್ದರು. ಇನ್ನೊಬ್ಬರು ‘ಎಂಜಿನಿಯರುಗಳ ಕಥೆ ಬೇಡ, ಮನೆಯಲ್ಲಿ ಮೂವರಿದ್ದಾರೆ’ ಎಂದಿದ್ದರು. ಫಾರ್ಮಿನ ತಳದಲ್ಲಿ ಸಿಬ್ಬಂದಿಗೆಂದು ಒಂದು ಗೆರೆಯಿತ್ತು: ‘ಬೇಡದ್ದನ್ನು ಪರಿಶೀಲಿಸಲಾಗಿದೆ’. ಅದರ ಮುಂದೆ ನನ್ನ ಹೆಸರಿನ ಮೊದಲಕ್ಷರ ಹಾಕಬೇಕು.

ಪರಿಶೀಲಿಸುವ ಕ್ರಮವನ್ನು ಕಲಿಸಿದವರು ನಮ್ಮ ಮೇಲ್ವಿಚಾರಕಿ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರು. ಪೂರ್ತಿ ಓದಲು ಆಗದಿದ್ದರೆ ಮೊದಲ ಅಧ್ಯಾಯ, ನಡುವಿನ ಯಾವುದಾದರೂ ಒಂದು ಅಧ್ಯಾಯ, ಕೊನೆಯ ಅಧ್ಯಾಯ, ಇವಿಷ್ಟನ್ನು ಓದಲೇಬೇಕು. ಎರಡು ವಿಮರ್ಶೆ ನೋಡಬೇಕು. ನಮ್ಮಲ್ಲಿ ಯಾರಾದರೂ ಓದಿದ್ದಾರಾ ಎಂದು ಕೇಳಬೇಕು. ಆಮೇಲೆ ಒಂದು ಕಾರ್ಡಿನ ಮೇಲೆ ನಾಲ್ಕು ಸಾಲು ಬರೆದು, ಕೆಳಗೆ ಹೆಸರು ಹಾಕಿ, ಪುಸ್ತಕಕ್ಕೆ ರಬ್ಬರ್ ಬ್ಯಾಂಡಿನಿಂದ ಸುತ್ತಬೇಕು.

ಆ ನಾಲ್ಕು ಸಾಲಿನಲ್ಲೇ ನಾನು ಕೆಟ್ಟದ್ದು.

ಮೊದಮೊದಲು ಕಾರ್ಡುಗಳು ನೀರಸವಾಗಿದ್ದವು. ‘ಹತ್ತೊಂಬತ್ತನೆಯ ಶತಮಾನದ ದೀಪಸ್ತಂಭಗಳ ಇತಿಹಾಸ, ಚಿತ್ರಗಳಿವೆ’ ಎನ್ನುವ ಧಾಟಿ. ಜನ ಪುಸ್ತಕ ಒಯ್ಯುತ್ತಿದ್ದರು, ಕಾರ್ಡನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಒಂದು ದಿನ, ನಾನು ನಿಜವಾಗಿಯೂ ಓದಿದ್ದ ಒಂದು ಪತ್ತೇದಾರಿ ಕಾದಂಬರಿಗೆ ‘ಕೊಲೆಗಾರ ಯಾರೆಂದು ನನಗೆ ಗೊತ್ತಾಯಿತು ಅಂದುಕೊಂಡೆ, ಎರಡು ಸಲ ಮೋಸಹೋದೆ’ ಎಂದು ಬರೆದೆ. ಆ ಓದುಗ ಕೌಂಟರಿಗೆ ಬಂದು ‘ನಾನು ಮೂರು ಸಲ’ ಎಂದು ಹೇಳಿ ಹೋದ. ಮೇಲ್ವಿಚಾರಕಿಗೆ ಖುಷಿಯಾಯಿತು. ‘ಹೀಗೇ ಬರಿ, ನೀನು ಓದಿದ ಹಾಗೆ ಬರಿ’ ಎಂದರು. ಅವರು ಹೇಳಿದ್ದು ಓದಿ ಬರಿ ಎಂದು. ನಾನು ಕೆಲವೇ ವಾರಗಳಲ್ಲಿ ಅದಕ್ಕೆ ಬೇರೆ ಅರ್ಥ ಮಾಡಿಕೊಂಡೆ.

ಮೊದಲ ಸುಳ್ಳು ಜೇನು ಸಾಕಣೆಯ ಪುಸ್ತಕವೊಂದರ ಬಗ್ಗೆ. ಮೊದಲ ಅಧ್ಯಾಯ ಓದಿದ್ದೆ, ಚೆನ್ನಾಗಿತ್ತು. ‘ಓದುತ್ತ ಓದುತ್ತ ಟ್ರೇನಿನಲ್ಲಿ ನನ್ನ ಸ್ಟೇಷನ್ ದಾಟಿಹೋಯಿತು’ ಎಂದು ಬರೆದೆ. ಬರೆದಾಗ ಅದು ಸುಳ್ಳು ಎಂದು ಅನಿಸಲೇ ಇಲ್ಲ. ಮಾತಿನ ಚಂದ ಅನಿಸಿತು. ಹಿಂದಿರುಗಿದ ಪುಸ್ತಕಗಳನ್ನು ನೋಡಿಕೊಳ್ಳುವ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಮಿತಭಾಷಿ. ಅವರು ಆ ಕಾರ್ಡನ್ನು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು:

“ನಿನ್ನ ಮನೆ ಬೆರ್ರಿಯೆಸಾದಲ್ಲಿ ಅಲ್ಲವಾ? ಅದು ಲಾಸ್ಟ್ ಸ್ಟೇಷನ್. ದಾಟಿ ಎಲ್ಲಿಗೆ ಹೋದೆ?”

“ಬೆಳಗ್ಗೆ ಬರುವಾಗ,” ಎಂದೆ ತಕ್ಷಣ. ಅವರು ನಕ್ಕರು. ನಾನೂ ನಕ್ಕೆ. ಸಂಜೆಯವರೆಗೆ ಕಿವಿ ಬಿಸಿಯಾಗಿಯೇ ಇತ್ತು. ಆದರೆ ಆ ಪುಸ್ತಕ ಒಯ್ದ ಹೆಂಗಸು ಮರುವಾರ ಬಂದು, ಜೇನಿನ ಬಗ್ಗೆ ಇನ್ನೂ ಎರಡು ಪುಸ್ತಕ ಬೇಕೆಂದಾಗ ಕಿವಿ ತಣ್ಣಗಾಯಿತು. ಒಳ್ಳೆಯ ಪುಸ್ತಕ ಒಬ್ಬರ ಕೈಸೇರಿತಲ್ಲ, ಉಳಿದದ್ದು ಯಾರಿಗೆ ಬೇಕು ಎಂದು ಸಮಾಧಾನ ಮಾಡಿಕೊಂಡೆ.

ಆ ಹೊತ್ತಿಗೇ ಬಂದ ಒಂದು ಫಾರ್ಮಿನ ಬಗ್ಗೆ ಹೇಳಬೇಕು.

‘ಎಲ್ಲಿ ಕೂತು ಓದುತ್ತೀರಿ’ ಎಂಬಲ್ಲಿ ‘ಡಯಾಲಿಸಿಸ್ ಕುರ್ಚಿಯಲ್ಲಿ’ ಎಂದಿತ್ತು. ‘ಎಷ್ಟು ಹೊತ್ತು’ ಎಂಬಲ್ಲಿ ‘ನಾಲ್ಕು ಗಂಟೆ, ಮಂಗಳವಾರ, ಗುರುವಾರ, ಶನಿವಾರ. ಎಡಗೈಯಲ್ಲಿ ಸೂಜಿ ಇರುತ್ತದೆ, ಅಲ್ಲಾಡಿಸುವಂತಿಲ್ಲ. ಬಲಗೈ ಮಾತ್ರ ನನ್ನದು’. ತಿಳಿಯಬೇಕಾದ ವಿಷಯ: ‘ಏನಾದರೂ. ಅಣಬೆ, ರಾಜರು, ಕೊಲೆ, ಉಪ್ಪು, ಹಡಗು. ನನಗೆ ಬೇಗ ಬೇಜಾರಾಗುತ್ತದೆ, ಬದಲಾಯಿಸುತ್ತಿರಿ.’ ಕೊನೆಯಲ್ಲಿ ‘ಏನು ಬೇಡ’ ಎಂಬಲ್ಲಿ ಒಂದೇ ಪದ: ‘ಆಸ್ಪತ್ರೆ.’

ಇಂಗ್ಲಿಷಿನಲ್ಲಿ ಬರೆದ ಫಾರ್ಮು. ಹೆಸರಿನ ಜಾಗದಲ್ಲಿ ಎರಡು ಇನಿಷಿಯಲ್ಲು, ಒಂದು ಫೋನ್ ನಂಬರು. ನಾನು ಅದಕ್ಕೆ ಮೂರು ದಿನ ತೆಗೆದುಕೊಂಡೆ. ಎಡಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತು ಒಂದೊಂದೇ ಪುಸ್ತಕವನ್ನು ಬಲಗೈಯಲ್ಲಿ ಹಿಡಿದು ನೋಡಿದೆ. ದಪ್ಪ ರಟ್ಟಿನವು ಹತ್ತು ನಿಮಿಷಕ್ಕೆ ಮಣಿಕಟ್ಟು ನೋಯಿಸುತ್ತವೆ. ಹೊಸ ಪೇಪರ್‌ಬ್ಯಾಕುಗಳು ತೆರೆದು ನಿಲ್ಲುವುದಿಲ್ಲ, ಹೆಬ್ಬೆರಳನ್ನು ನಡುವೆ ತುರುಕಬೇಕು. ಹತ್ತಾರು ಜನ ಓದಿ ಬೆನ್ನು ಸಡಿಲಾದ ಹಳೆಯ ಪ್ರತಿಗಳೇ ಒಳ್ಳೆಯವು. ಹೊಟ್ಟೆಯ ಮೇಲಿಟ್ಟರೆ ತೆರೆದಂತೆಯೇ ಇರುತ್ತವೆ. ಪ್ರತಿಯೊಂದನ್ನೂ ಕೊನೆಯ ಪುಟದವರೆಗೆ ಓದಿದೆ. ಕಾಡಿನ ಅಣಬೆಗಳ ಬಗ್ಗೆ ಒಂದು, ಒಂದು ಕೊಲೆ, ರಸ್ತೆಗಳ ಇತಿಹಾಸ, ಊಟದ ಡಬ್ಬಿಗಳ ಬಗ್ಗೆ ಒಬ್ಬಳು ಬರೆದ ಪ್ರಬಂಧಗಳು, ಒಂದು ಹಾಸ್ಯ ಕಾದಂಬರಿ.

ಎರಡು ವಾರದ ನಂತರ ಇಮೇಲ್ ಬಂತು. ಪರೀಕ್ಷೆಯ ಪೇಪರು ತಿದ್ದಿದ ಹಾಗೆ: ‘ಅಣಬೆ ಎ. ರಸ್ತೆ ಎ ಮೈನಸ್, ಮ್ಯಾಪು ಚಿಕ್ಕದು. ಕೊಲೆ ಬಿ, ನಲವತ್ತನೇ ಪುಟಕ್ಕೇ ಗೊತ್ತಾಯಿತು. ಡಬ್ಬಿ ಓದಿ ಹಸಿವಾಯಿತು, ಅಲ್ಲಿ ತಿನ್ನಲು ಬಿಡುವುದಿಲ್ಲ. ಇನ್ನೈದು ಕಳಿಸಿ.’ ನಾನು ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಎರಡನೆಯ ಕಂತನ್ನೂ ಹಾಗೆಯೇ ಮಾಡಿದೆ.

ಮೂರನೆಯ ಕಂತು ಬರುವ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಊರಿನವರ ಆನ್‌ಲೈನ್ ಗುಂಪೊಂದರಲ್ಲಿ ಯಾರೋ ನನ್ನ ಕಾರ್ಡುಗಳ ಫೋಟೋ ಹಾಕಿದ್ದರು. ತಿಂಗಳಿಗೆ ನಾಲ್ಕೋ ಐದೋ ಬರುತ್ತಿದ್ದ ಫಾರ್ಮುಗಳು ವಾರಕ್ಕೆ ಅಷ್ಟು ಬರತೊಡಗಿದವು. ಪ್ಲಂಬಿಂಗು ಕಲಿಯಬೇಕೆನ್ನುವವರು, ಪರ್ಷಿಯಾದ ಅಡುಗೆ, ದೆವ್ವದ ಕಥೆ, ಗಡಿಯಾರ ರಿಪೇರಿ, ಹದಿಹರೆಯದ ಮಗಳು ಓದುವ ಕಲ್ಪನಾಲೋಕದ ಕಾದಂಬರಿಗಳು ತಮಗೂ ಅರ್ಥವಾಗಬೇಕೆನ್ನುವವರು. ಮೇಲ್ವಿಚಾರಕಿ ನನ್ನ ಕಾರ್ಡುಗಳನ್ನು ಬಾಗಿಲ ಬಳಿಯ ಕಪಾಟಿನಲ್ಲಿ ಪುಸ್ತಕಗಳ ಕೆಳಗೆ ಅಂಟಿಸಿದರು. ತಿಂಗಳ ಮೀಟಿಂಗಿನಲ್ಲಿ ನನ್ನನ್ನು ಎದ್ದುನಿಲ್ಲಿಸಿ ಹೊಗಳಿದರು. ಸಹಾಯಕ್ಕೆ ಇನ್ನೊಬ್ಬರನ್ನು ಕೊಡಲೇ ಎಂದೂ ಕೇಳಿದರು. ಬೇಡ, ನಾನೇ ನಿಭಾಯಿಸುತ್ತೇನೆ ಎಂದೆ. ನಿಜವಾದ ಕಾರಣ, ಇನ್ನೊಬ್ಬರು ಪಕ್ಕದಲ್ಲಿ ಕೂತರೆ ನಾನು ಎಷ್ಟು ಓದುತ್ತೇನೆ ಎಂಬುದು ಕಾಣುತ್ತಿತ್ತು.

ಆಗ ಎಷ್ಟೋ ಪುಸ್ತಕಗಳಲ್ಲಿ ನಾನು ಓದುತ್ತಿದ್ದದ್ದು ಹಿಂಬದಿಯ ರಟ್ಟು ಮತ್ತು ಮೊದಲ ಹತ್ತು ಪುಟ. ವಿಮರ್ಶೆಯಲ್ಲಿ ಮೊದಲ ಪ್ಯಾರಾ. ಆದರೆ ಕಾರ್ಡುಗಳಲ್ಲಿನ ‘ನಾನು’ ಮಾತ್ರ ದಿನದಿನಕ್ಕೆ ಹೆಚ್ಚು ಜೀವಂತಳಾಗುತ್ತ ಹೋದಳು. ಅವಳು ನಗುತ್ತಿದ್ದಳು, ಚಹಾ ಆರಲು ಬಿಡುತ್ತಿದ್ದಳು, ಕೊನೆಯ ಪುಟ ಮುಗಿದಾಗ ಮತ್ತೆ ಮೊದಲ ಪುಟಕ್ಕೆ ಹೋಗುತ್ತಿದ್ದಳು. ನನಗಿಂತ ಎಷ್ಟೋ ಒಳ್ಳೆಯ ಓದುಗಾರ್ತಿ.

ಡಯಾಲಿಸಿಸ್ ಕುರ್ಚಿಯ ಓದುಗರ ಮೂರನೆಯ ಕಂತಿಗೆ ನಾಲ್ಕು ಪುಸ್ತಕ ಸಿಕ್ಕಿದ್ದವು. ಐದನೆಯದು ಬೇಕಿತ್ತು. ಪುಸ್ತಕ ಸಾಗಿಸುವ ತಳ್ಳುಗಾಡಿಯ ಮೇಲೆ ಒಂದು ಸಮುದ್ರಯಾನದ ಕಥನ ಇತ್ತು: ಗಂಡಹೆಂಡತಿ ಒಂದು ಸಣ್ಣ ಹಾಯಿದೋಣಿಯಲ್ಲಿ ಸಾಗರ ದಾಟುತ್ತಾರೆ, ಬರೆದವಳು ಹೆಂಡತಿ. ಹಗುರವಾದ ಪುಸ್ತಕ, ಬೆನ್ನು ಸಡಿಲ, ಅಕ್ಷರ ದೊಡ್ಡದು. ಮೊದಲ ಹತ್ತು ಪುಟದಲ್ಲಿ ಗಂಡ ಅಡುಗೆ ಮಾಡಲು ಹೋಗಿ ಪಾತ್ರೆ ಸಮೇತ ಜಾರಿ ಬೀಳುತ್ತಾನೆ. ಹಿಂಬದಿಯ ರಟ್ಟಿನಲ್ಲಿ ಸೂರ್ಯ, ಗಾಳಿ, ಪ್ರೀತಿ ಎಂದೆಲ್ಲ ಇತ್ತು. ನಾನು ಬರೆದೆ: ‘ಬಿಸಿಲು, ಗಾಳಿ, ಒಬ್ಬ ತಮಾಷೆಯ ಗಂಡ. ನಡುವೆ ಸ್ವಲ್ಪ ಅಲೆಗಳಿದ್ದರೂ ಭಯಪಡಬೇಡಿ. ಕೊನೆಯವರೆಗೂ ನಗು. ನಾನು ಒಂದೇ ಸಲಕ್ಕೆ ಓದಿ ಮುಗಿಸಿದೆ.’ ಫಾರ್ಮಿನ ತಳದಲ್ಲಿ, ‘ಬೇಡದ್ದನ್ನು ಪರಿಶೀಲಿಸಲಾಗಿದೆ’ ಎಂಬುದರ ಮುಂದೆ, ನನ್ನ ಅಕ್ಷರ ಹಾಕಿದೆ.

ಎರಡು ವಾರವಾಯಿತು, ಅಂಕಪಟ್ಟಿ ಬರಲಿಲ್ಲ. ಮೂರನೆಯ ವಾರದ ಶುಕ್ರವಾರ ಒಂದು ಸಾಲು ಬಂತು: ‘ಆ ದೋಣಿಯ ಪುಸ್ತಕವನ್ನು ನೀವು ಓದಿದ್ದೀರಾ?’

ಅಷ್ಟೇ. ಕೆಳಗೆ ಎರಡು ಇನಿಷಿಯಲ್ಲು.

ನಾನು ತಕ್ಷಣ ಉತ್ತರಿಸಿದೆ, ಯೋಚಿಸಲು ಪುರುಸೊತ್ತು ಕೊಟ್ಟುಕೊಳ್ಳಲಿಲ್ಲ. ‘ಪುಸ್ತಕ ನಿಮಗೆ ಹಿಡಿಸಲಿಲ್ಲವೆಂದು ತಿಳಿದು ಬೇಸರವಾಯಿತು. ಅಭಿರುಚಿಗಳು ಬೇರೆಬೇರೆ ಇರುತ್ತವೆ. ಮುಂದಿನ ಸಲ ಇನ್ನೂ ಹೊಂದುವಂಥದ್ದನ್ನು ಹುಡುಕುತ್ತೇನೆ.’ ಓದಿದ್ದೇನೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕಳಿಸಿದ ಮೇಲೆ ಊಟಕ್ಕೆ ಹೋದೆ. ಡಬ್ಬಿ ತೆರೆದು ಹಾಗೆಯೇ ಮುಚ್ಚಿದೆ. ವಾಪಸು ಬಂದಿದ್ದ ಪುಸ್ತಕವನ್ನು ಸಹೋದ್ಯೋಗಿಯ ಗಾಡಿಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಮಗಳಿಗೆ ಸರಟೋಗಾದಲ್ಲಿ ವೀಣೆಯ ಕ್ಲಾಸು. ಒಂದೂವರೆ ಗಂಟೆ ನಾನು ಕಾರಿನಲ್ಲಿ ಕಾಯುತ್ತೇನೆ. ಆ ಭಾನುವಾರ ಓಕ್ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಮಾಡಿಕೊಂಡು ಓದಲು ಕೂತೆ. ಎಪ್ಪತ್ತು ಪುಟದವರೆಗೆ ನನ್ನ ಕಾರ್ಡು ನಿಜವಾಗಿತ್ತು. ಬಿಸಿಲು, ಗಾಳಿ, ತಮಾಷೆಯ ಗಂಡ. ಆಮೇಲೆ ಗಂಡನ ಕಾಲು ಊದಿಕೊಳ್ಳುತ್ತದೆ. ಉಪ್ಪಿನ ಗಾಳಿ ಎಂದುಕೊಳ್ಳುತ್ತಾರೆ. ನೂರನೆಯ ಪುಟದ ಹೊತ್ತಿಗೆ ಒಂದು ಬಂದರಿನ ಸಣ್ಣ ಆಸ್ಪತ್ರೆಯಲ್ಲಿ ಅವನನ್ನು ಯಂತ್ರಕ್ಕೆ ಜೋಡಿಸಿರುತ್ತಾರೆ. ಬರೆದವಳು ಒಳ್ಳೆಯ ಬರಹಗಾರ್ತಿ. ರಕ್ತ ಹೊರಗೆ ಹೋಗುವ ಕೊಳವೆ ಬೆಚ್ಚಗಿತ್ತು, ಒಳಗೆ ಬರುವುದು ತುಸು ತಣ್ಣಗಿತ್ತು, ಎರಡನ್ನೂ ತಾನು ಬೆರಳಿನಿಂದ ಮುಟ್ಟಿ ನೋಡಿದೆ ಎಂದು ಬರೆದಿದ್ದಳು. ಯಂತ್ರದ ಸದ್ದನ್ನು, ಪಕ್ಕದ ಕುರ್ಚಿಯವನ ಕೆಮ್ಮನ್ನು, ಒಂದು ದಿನ ರಕ್ತದೊತ್ತಡ ಇದ್ದಕ್ಕಿದ್ದಂತೆ ಇಳಿದದ್ದನ್ನು, ದಾದಿಯರು ಓಡಿಬಂದದ್ದನ್ನು. ನಲವತ್ತು ಪುಟ. ಕೊನೆಯಲ್ಲಿ ಅವನು ಆ ಕುರ್ಚಿಯಲ್ಲಿಯೇ ತೀರಿಹೋಗುತ್ತಾನೆ. ಅವಳು ಒಬ್ಬಳೇ ದೋಣಿಯನ್ನು ವಾಪಸು ತರುತ್ತಾಳೆ.

ಮಗಳು ಬಂದು ಬಾಗಿಲು ತೆಗೆದದ್ದು ಗೊತ್ತಾಗಲಿಲ್ಲ.

“ಅಮ್ಮಾ, ವಾಟ್ ಹ್ಯಾಪನ್ಡ್? ಸ್ಯಾಡ್ ಬುಕ್ಕಾ?”

“ಹೂಂ.”

“ದೆನ್ ಜಸ್ಟ್ ಸ್ಟಾಪ್, ನೋ?” ಎಂದು ಸೀಟ್‌ಬೆಲ್ಟು ಹಾಕಿಕೊಂಡಳು. “ಯಾರೂ ನಿನಗೆ ಫೋರ್ಸ್ ಮಾಡ್ತಿಲ್ಲ.”

ನಾನು ಕಾರು ಸ್ಟಾರ್ಟ್ ಮಾಡಿದೆ. ಫ್ರೀವೇಯಲ್ಲಿ ಎರಡು ಸಲ ತಪ್ಪು ಲೇನಿಗೆ ಹೋದೆ.

ಸೋಮವಾರ ಅವರಿಗೆ ಚಿಕಿತ್ಸೆಯ ದಿನವಲ್ಲ. ಬೆಳಗ್ಗೆ ಹತ್ತಕ್ಕೆ, ಸಿಬ್ಬಂದಿಯ ಚಿಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಫಾರ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಇಂಗ್ಲಿಷಿನಲ್ಲಿ ಹೆಸರು, ಗ್ರಂಥಾಲಯ ಎಲ್ಲ ಹೇಳಿದೆ. ಆ ಕಡೆಯಿಂದ ವಯಸ್ಸಾದ, ಗಟ್ಟಿಯಾದ ದನಿಯೊಂದು ಧಾರವಾಡದ ಕಡೆಯ ಕನ್ನಡದಲ್ಲಿ ಕೇಳಿತು:

“ನೀವಽ ಏನ್ರಿ ಕಾರ್ಡು ಬರಿಯೋರು? ಕನ್ನಡದಾಗ ಮಾತಾಡ್ರಿ. ಕಾರ್ಡಿನ ಕೆಳಗ ಹೆಸರು ನೋಡಿದಾಗಽ ನಂಗ ಗೊತ್ತಾಗಿತ್ತು, ನಮ್ಮ ಕಡೆಯಾಕಿ ಅಂತ.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಇಂಗ್ಲಿಷಿನಲ್ಲಿ ಸಿದ್ಧಪಡಿಸಿಕೊಂಡಿದ್ದ ವಾಕ್ಯಗಳು ಕೈಕೊಟ್ಟವು.

“ಮೇಡಂ, ಆ ಪುಸ್ತಕ ನಾನು ಓದಿರಲಿಲ್ಲ,” ಎಂದೆ. “ಹತ್ತು ಪುಟ ಓದಿದ್ದೆ. ನಿನ್ನೆ ಪೂರ್ತಿ ಓದಿದೆ.”

“ಹಂಗ ಅನ್ರಿ.”

“ನೀವು ಆಸ್ಪತ್ರೆ ಬೇಡ ಅಂತ ಬರೆದಿದ್ರಿ. ನಾನು ನೋಡಿದೀನಿ ಅಂತ ಸೈನ್ ಮಾಡಿದ್ದೆ.”

ಹಿಂದೆ ಎಲ್ಲೋ ಕುಕ್ಕರು ಕೂಗಿ ನಿಂತಿತು.

“ಏನಾತು ಅಂತ ಹೇಳ್ತೀನಿ ಕೇಳ್ರಿ,” ಎಂದರು. “ಅವತ್ತ ಗುರುವಾರ. ಸೂಜಿ ಹಾಕಿದ್ರು. ಚೀಲ ಕೆಳಗಿತ್ತು, ಅದರಾಗ ಇನ್ನೊಂದು ಪುಸ್ತಕ ಇತ್ತು. ನನಗ ಬಗ್ಗಾಕ ಬರಂಗಿಲ್ಲ. ನರ್ಸು ಆ ಕಡೆ ಒಬ್ಬರಿಗೆ ಹುಷಾರಿಲ್ಲ ಅಂತ ಅಲ್ಲೇ ನಿಂತಿದ್ಲು. ಆ ಮಷೀನಿನ ಪುಟ ಬಂದಕೂಡ್ಲೆ ನಾ ಪುಸ್ತಕ ಮುಚ್ಚಿದೆ.”

“ಮುಚ್ಚಿದ್ರಾ?” ನನಗೆ ಒಂದು ಕ್ಷಣ ಉಸಿರು ಬಂದಂತಾಯಿತು.

“ಮುಚ್ಚಿದ್ನಿ. ಆಮ್ಯಾಲ ನಿಮ್ಮ ಕಾರ್ಡು ನೋಡಿದೆ. ‘ಭಯಪಡಬೇಡಿ, ಕೊನೆಯವರೆಗೂ ನಗು’ ಅಂತ ಬರದಿದ್ರಿ. ಹಂಗಾದ್ರ ಆತಗ ಆರಾಮ ಆಗ್ತದ, ಮತ್ತ ದೋಣ್ಯಾಗ ಹೋಗ್ತಾನ ಅಂತ ತಿಳಕೊಂಡೆ. ಈಕಿ ಓದಿ ಬರದಾಳ ಅಂದ್ರ ಅದು ಖರೇನ ಇರಬೇಕು. ಅದಕ್ಕಽ ತಗದು ಮುಂದ ಓದಿದೆ. ಇನ್ನೊಂದು ಪುಟ, ಇನ್ನೊಂದು ಪುಟ. ಕೊನೀತನಕ ಓದಿದೆ ನೋಡ್ರಿ.”

ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ಅಲ್ಲಿ ರಜೆಯ ಪಟ್ಟಿ ಅಂಟಿಸಿತ್ತು. ಅದನ್ನೇ ಓದುತ್ತಿದ್ದೆ, ಯಾರು ಯಾವಾಗ ರಜೆ ಎಂದು. ಮನಸ್ಸಿನಲ್ಲಿ ನಾನು ಆವರೆಗೆ ಅಂದುಕೊಂಡಿದ್ದದ್ದು ತಪ್ಪು ಪುಸ್ತಕ ಆರಿಸಿದೆ ಎಂದು. ಪುಸ್ತಕ ಅವರನ್ನು ಹೆದರಿಸಿತ್ತು ನಿಜ, ಆದರೆ ಅವರು ಅದನ್ನು ಮುಚ್ಚಿದ್ದರು. ಮತ್ತೆ ತೆರೆಸಿದ್ದು ನನ್ನ ನಾಲ್ಕು ಸಾಲು.

“ಕ್ಷಮಿಸಿ,” ಎಂದೆ. “ಆ ಇಮೇಲು ಕೂಡ... ಅಭಿರುಚಿ ಅಂತ ಬರೆದದ್ದು...”

“ಅದು ಭಾಳ ಸಿಟ್ಟು ಬಂತ್ರಿ ನಂಗ,” ಎಂದರು ಸಿಟ್ಟಿಲ್ಲದ ದನಿಯಲ್ಲಿ. “ನಾ ಮೂವತ್ತು ವರ್ಷ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಾಗ ಇನ್ಸ್‌ಪೆಕ್ಷನ್ ಮಾಡೀನಿ. ನೋಡಲಾರದ ಪೀಸಿಗೆ ‘ನೋಡೇನಿ’ ಅಂತ ಒಮ್ಮೆನೂ ಸೈನ್ ಮಾಡಿಲ್ಲ. ಇರ್ಲಿ. ನನಗ ಹೇಳಿದ್ರಿ, ಮುಗೀತು. ಉಳದೋರಿಗೆ ಏನು ಹೇಳ್ತೀರಿ?”

“ಉಳಿದವರು?”

“ನನಗೊಬ್ಬಾಕಿಗೇ ಹಂಗ ಬರದ್ರೇನು?”

ನಾನು ಇಲ್ಲ ಎಂದೆ. ಎಷ್ಟು ಜನರಿಗೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಆವರೆಗೆ ಬರೆದ ಎಲ್ಲ ಕಾರ್ಡುಗಳ, ಕಂಪ್ಯೂಟರಿನಲ್ಲಿ ಉಳಿಸಿದ್ದ ಪ್ರತಿಗಳನ್ನು ಪ್ರಿಂಟ್ ಮಾಡಿ ಮೇಜಿನ ಮೇಲೆ ಹರವಿದೆ. ಪೂರ್ತಿ ಓದಿದ್ದು ಎಡಕ್ಕೆ. ಮೇಲ್ವಿಚಾರಕಿ ಕಲಿಸಿದ ಹಾಗೆ ಮೂರು ಅಧ್ಯಾಯ ಓದಿದ್ದು ನಡುವೆ. ಓದದೆ ಬರೆದದ್ದು ಬಲಕ್ಕೆ. ಕೆಲವನ್ನು ಕೈಯಲ್ಲಿ ಹಿಡಿದು ನಿಂತೆ. ಕಾರ್ಡು ಎಷ್ಟು ಚೆನ್ನಾಗಿತ್ತೆಂದರೆ ನಾನು ಓದಿದ್ದೇನೋ ಇಲ್ಲವೋ ನನಗೇ ನೆನಪಾಗಲಿಲ್ಲ. ಅಂಥವನ್ನೂ ಬಲಕ್ಕೇ ಹಾಕಿದೆ. ಬಲಗಡೆಯ ಗುಂಪಿನಲ್ಲಿ ನಲವತ್ತೊಂದು ಆದವು.

ಮಂಗಳವಾರ ಬೆಳಗ್ಗೆ ಆ ನಲವತ್ತೊಂದನ್ನು ಮೇಲ್ವಿಚಾರಕಿಯ ಮುಂದಿಟ್ಟೆ. ಅವರು ಒಂದೊಂದನ್ನೇ ಓದಿದರು. ಟ್ರೇನಿನ ಸ್ಟೇಷನ್ ದಾಟಿದ ಕಾರ್ಡು ಬಂದಾಗ ಸ್ವಲ್ಪ ಹೊತ್ತು ಅದನ್ನೇ ಹಿಡಿದುಕೊಂಡರು.

“ಇದು ನನಗೆ ತುಂಬಾ ಇಷ್ಟವಾಗಿತ್ತು,” ಎಂದರು. ಆಮೇಲೆ, “ಮೀಟಿಂಗಿನಲ್ಲಿ ನಿನ್ನನ್ನು ನಿಲ್ಲಿಸಿ ಹೊಗಳಿದೆನಲ್ಲ, ಆಗ ಹೇಳಬಹುದಿತ್ತು.”

“ಹೌದು.”

“ಸಹಾಯ ಬೇಕಾ ಅಂತ ಕೇಳಿದ್ದೆ.”

“ಹೌದು.”

ಕಪಾಟಿನ ಕಾರ್ಡುಗಳನ್ನು ಅಂದೇ ತೆಗೆಸಿ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಂಡರೆ ಸಾಕು ಎಂಬುದು ಅವರ ಮೊದಲ ಅಭಿಪ್ರಾಯ. ಓದುಗರಿಗೆಲ್ಲ ಬರೆದರೆ ನಾವು ನಿಜವಾಗಿ ಓದಿ ಕೊಟ್ಟ ಪುಸ್ತಕಗಳ ಮೇಲೂ ನಂಬಿಕೆ ಹೋಗುತ್ತದೆ ಎಂದರು. ಅದರಲ್ಲಿ ಅರ್ಥವಿತ್ತು. ನನಗೂ ಅದೇ ಸಲೀಸಾದ ದಾರಿ. ಒಪ್ಪಿಬಿಡೋಣ ಎಂದು ಬಾಯಿವರೆಗೆ ಬಂದಿತ್ತು. ಆದರೆ ಅಂದು ಮಂಗಳವಾರ, ಆ ಹೊತ್ತಿಗೆ ಸರಿಯಾಗಿ ಫೋನಿನಲ್ಲಿ ಮಾತಾಡಿದ ಆ ಹಿರಿಯರು ಡಯಾಲಿಸಿಸ್ ಕುರ್ಚಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಕೂತಿರುತ್ತಾರೆ ಎಂಬುದು ನೆನಪಾಯಿತು. ಅವರ ಕೈಯಲ್ಲಿ ಈಗ ಯಾವ ಪುಸ್ತಕ ಇದೆಯೋ, ಇದೆಯೋ ಇಲ್ಲವೋ.

“ಕಾರ್ಡು ನಂಬಿ ಯಾರು ಯಾವುದನ್ನು ಓದುತ್ತ ಕೂತಿದ್ದಾರೋ ನಮಗೆ ಗೊತ್ತಿಲ್ಲ,” ಎಂದೆ. “ನನ್ನ ಹೆಸರಿನಲ್ಲೇ ಬರೆಯುತ್ತೇನೆ. ಗ್ರಂಥಾಲಯದ್ದಲ್ಲ, ನನ್ನ ತಪ್ಪು ಎಂದು.”

ಅವರು ಎರಡು ದಿನ ತೆಗೆದುಕೊಂಡರು. ಗುರುವಾರ ಬಂದು, ‘ಬರಿ, ಆದರೆ ಕೆಳಗೆ ನನ್ನ ಹೆಸರೂ ಇರಲಿ, ನಾನು ನೋಡಬೇಕಿತ್ತು’ ಎಂದರು. ಹೊಗಳಿಕೆಯ ದಿನ ಆಗದ ನಾಚಿಕೆ ನನಗೆ ಆವತ್ತು ಆಯಿತು.

ಬರೆಯಲು ಕೂತಾಗ ಇನ್ನೊಂದು ತೊಡಕು ಎದುರಾಯಿತು. ಓದುಗರ ಖಾಸಗಿತನಕ್ಕಾಗಿ ನಮ್ಮಲ್ಲಿ ಫಾರ್ಮುಗಳನ್ನು ಅರವತ್ತು ದಿನಕ್ಕೆ ಅಳಿಸಿಹಾಕುತ್ತಾರೆ. ಯಾರು ಏನು ಓದಿದರು ಎಂಬುದು ಯಾರಿಗೂ ಗೊತ್ತಾಗಬಾರದು. ಆ ನಿಯಮದ ಬಗ್ಗೆ ಹೊಸಬರಿಗೆ ಹೆಮ್ಮೆಯಿಂದ ಹೇಳುತ್ತಿದ್ದವಳು ನಾನೇ. ನಲವತ್ತೊಂದರಲ್ಲಿ ಇಪ್ಪತ್ತೆರಡು ಕಾರ್ಡುಗಳ ಓದುಗರು ಸಿಕ್ಕರು. ಉಳಿದ ಹತ್ತೊಂಬತ್ತು ಯಾರ ಕೈಗೆ ಹೋದವು ಎಂದು ತಿಳಿಯಲು ದಾರಿಯೇ ಇರಲಿಲ್ಲ. ಅದರಲ್ಲಿ ಯಾರು ಏನು ‘ಬೇಡ’ ಎಂದಿದ್ದರು ಎಂಬುದೂ ಅಳಿಸಿಹೋಗಿತ್ತು. ಆ ಹತ್ತೊಂಬತ್ತು ಈಗಲೂ ಹಾಗೆಯೇ ಇವೆ.

ಇಪ್ಪತ್ತೆರಡು ಜನರಿಗೆ ಬರೆದೆ. ಒಂಬತ್ತು ಉತ್ತರ ಬಂದವು. ಇಬ್ಬರು ಇನ್ನು ಮೇಲೆ ಫಾರ್ಮು ತುಂಬುವುದಿಲ್ಲ ಎಂದರು. ಗಡಿಯಾರ ರಿಪೇರಿಯವರು, ನೀವು ಓದದ ಆ ಪುಸ್ತಕ ಬಹಳ ಚೆನ್ನಾಗಿತ್ತು, ನೀವೂ ಓದಿ ಎಂದು ಬರೆದರು. ಒಬ್ಬ ತಾಯಿ, ಮಗಳಿಗೆಂದು ಕೊಟ್ಟ ಪುಸ್ತಕದಲ್ಲಿ ಏನಾದರೂ ಇದ್ದರೆ ಈಗಲೇ ಹೇಳಿ, ಅವಳು ಅರ್ಧದಲ್ಲಿದ್ದಾಳೆ ಎಂದು ಕೇಳಿದರು. ಅದನ್ನು ಅಂದೇ ಓದಿ ಸಂಜೆಯೊಳಗೆ ಉತ್ತರಿಸಿದೆ: ಏನೂ ಇರಲಿಲ್ಲ. ಅದು ನನ್ನ ಅದೃಷ್ಟ, ನನ್ನ ಕೆಲಸದ ಫಲವಲ್ಲ.

ಮೂರು ತಿಂಗಳು ನನ್ನನ್ನು ಆ ಸೇವೆಯಿಂದ ತೆಗೆದು ಹಿಂದಿರುಗಿದ ಪುಸ್ತಕಗಳ ವಿಭಾಗಕ್ಕೆ ಹಾಕಿದರು, ಮಿತಭಾಷಿ ಸಹೋದ್ಯೋಗಿಯ ಜೊತೆ. ಫಾರ್ಮುಗಳನ್ನು ಇಬ್ಬರು ಹಂಚಿಕೊಂಡರು. ವಾರಕ್ಕೆ ಮೂರಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದಾಯಿತು. ಕಾರ್ಡುಗಳ ಮೂಲೆಯಲ್ಲಿ ಈಗ ಪೂರ್ತಿ ಓದಿದ್ದು, ಭಾಗಶಃ ಓದಿದ್ದು, ಓದಿಲ್ಲ ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ನಾನು ಟ್ರೇನಿನಲ್ಲಿ ಹೋಗಿಬರುವಾಗ ಆ ನಲವತ್ತೊಂದನ್ನು ಒಂದೊಂದಾಗಿ ಓದತೊಡಗಿದೆ. ಎಷ್ಟೋ ಕಾರ್ಡುಗಳು ಹೆಚ್ಚುಕಡಿಮೆ ಸರಿಯೇ ಇದ್ದವು, ಅದು ಇನ್ನೂ ಮುಜುಗರ. ಜೇನಿನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಗೂಡುಗಳೆಲ್ಲ ಸಾಯುತ್ತವೆ. ಆ ಹೆಂಗಸು ಮತ್ತೆ ಎರಡು ಪುಸ್ತಕ ಕೇಳಲು ಬಂದಾಗ ಅದನ್ನು ಓದಿಯೇ ಬಂದಿದ್ದಳು. ನನ್ನನ್ನು ನೋಡಿ ಏನೋ ಹೇಳಲು ಹೊರಟು, ನಾನು ಅದರ ಬಗ್ಗೆ ಮಾತೆತ್ತದಿದ್ದಾಗ ಸುಮ್ಮನಾಗಿದ್ದಳು. ಅದು ನನಗೆ ಆಗ ಅರ್ಥವಾಗಿರಲಿಲ್ಲ.

ಇನಿಷಿಯಲ್ಲಿನ ಓದುಗರಿಂದ ಮತ್ತೆ ಫಾರ್ಮು ಬರಲಿಲ್ಲ. ಈಗ ಫಾರ್ಮು ನೋಡುವ ಇಬ್ಬರನ್ನೂ ಕೇಳಿದೆ, ಅವರಿಗೂ ಬಂದಿರಲಿಲ್ಲ. ನಾನು ಒಮ್ಮೆ ಫೋನ್ ಮಾಡಿ, ಇನ್ನೊಬ್ಬರಿಂದ ಪುಸ್ತಕ ಆರಿಸಿಸಿ ಕಳಿಸಲೇ ಎಂದೆ. “ಬ್ಯಾಡ್ರಿ. ಒಂದು ದಿನ ನಾನಽ ಬರ್ತೀನಿ,” ಎಂದರು.

ಬಂದದ್ದು ಅಕ್ಟೋಬರಿನ ಒಂದು ಬುಧವಾರ. ನಾನು ಗಾಡಿ ತಳ್ಳುತ್ತಿದ್ದೆ. ಕುಳ್ಳಗಿನ ಹೆಂಗಸು, ಸಲ್ವಾರಿನ ಮೇಲೆ ಗಂಡಸರ ಸ್ವೆಟರು, ಸೂಜಿ ಹಾಕುವ ಎಡತೋಳು ಸ್ವಲ್ಪ ಉಬ್ಬಿತ್ತು. ಮಗ ಬಾಗಿಲವರೆಗೆ ಬಿಟ್ಟು ಕಾರಿಗೆ ಹೋದ. ಕೌಂಟರಿನಲ್ಲಿ ವಿಚಾರಿಸಿದ ಧ್ವನಿ ಕೇಳಿದ ಕೂಡಲೇ ಯಾರೆಂದು ಗೊತ್ತಾಯಿತು. ನಾನು ಹೋಗಿ ನನ್ನ ಹೆಸರು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

“ನೀವು ಇಷ್ಟು ಸಣ್ಣಾಕಿ ಇರ್ತೀರಿ ಅಂತ ತಿಳಿದಿರಲಿಲ್ಲ,” ಎಂದರು. “ಎಲ್ಲಿಂದ ಶುರು ಮಾಡಬೇಕು ಹೇಳ್ರಿ. ಎಲ್ಲಾ ನೋಡತೀನಿ.”

ಎರಡು ಸಾಲು ನಡೆಯುವಷ್ಟರಲ್ಲಿ ಅವರಿಗೆ ಉಸಿರು ಹತ್ತಿತು. ಕಂಪ್ಯೂಟರುಗಳ ಬಳಿಯಿಂದ ಚಕ್ರದ ಕುರ್ಚಿಯೊಂದನ್ನು ತಂದುಕೊಟ್ಟೆ. ಅವರು ಕೂತರು, ನಾನು ತಳ್ಳಿದೆ. ಹಕ್ಕಿಗಳ ಸಾಲು, ಸೇತುವೆ ಕಟ್ಟುವ ಸಾಲು, ಬಟ್ಟೆಯ ಬಣ್ಣಗಳು, ಕೊಲೆಗಳು, ಕವಿತೆ, ಚಂದ್ರ. ಬಲಗೈಯಿಂದ ಎಳೆದು, ಮೊದಲ ಪುಟ ಬಿಟ್ಟು ನೇರ ಕೊನೆಯ ಪುಟ ಓದುತ್ತಿದ್ದರು. ಹಿಡಿಸಿದರೆ ಮಡಿಲಲ್ಲಿ, ಇಲ್ಲವಾದರೆ ವಾಪಸು. ನಾನು ಯಾವುದನ್ನೂ ತೋರಿಸಲಿಲ್ಲ. ಬಾಯಿಗೆ ಬಂದ ಹೊಗಳಿಕೆಗಳನ್ನು ನುಂಗಿಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಮಡಿಲಲ್ಲಿ ನಾಲ್ಕು ಆಗಿದ್ದವು. ಐದನೆಯದು ಹಿಮನದಿಗಳ ಬಗ್ಗೆ, ನೀಲಿ ರಟ್ಟು. ಅದರ ಕೊನೆಯ ಪುಟದ ತುಂಬ ನಕಾಶೆಯಿತ್ತು, ಏನೂ ತಿಳಿಯುವಂತಿರಲಿಲ್ಲ. ಅವರು ತಿರುಗಿ ನನ್ನ ಮುಖ ನೋಡಿದರು.

“ಇದು ಹೆಂಗದ?”

“ಗೊತ್ತಿಲ್ಲ,” ಎಂದೆ. “ನಾನು ಓದಿಲ್ಲ.”

ಅವರು ತಲೆಯಾಡಿಸಿ, ಪುಸ್ತಕವನ್ನು ತೆಗೆದ ಜಾಗದಲ್ಲೇ ಇಟ್ಟು, ಮುಂದಿನ ಸಾಲಿನ ಕಡೆ ಕೈ ತೋರಿಸಿದರು. ನಾನು ಕುರ್ಚಿ ತಳ್ಳಿದೆ.